ಮೇಡಂ, ಅವರಿಗೆ ಹೇಳಿ

“ಮೇಡಂ, ಅವರ ಪಾಸ್‌ವರ್ಡ್ ಹಾಕೋಕೆ ಅವರಿಗೆ ಹೇಳಿ,” ಎಂದ ಹಿರಿಯ ಷಡ್ಡಕ, ಮೇಜಿನ ಮೇಲಿದ್ದ ಫೋನಿನತ್ತ ಬಾಗಿ. ಕಿರಿಯವನು ಅದೇ ಕಂಪ್ಯೂಟರಿನ ಮುಂದೆ, ಮೊಣಕೈಗೆ ಮೊಣಕೈ ತಾಗುವಂತೆ ಕೂತಿದ್ದ. “ಹಾಕ್ತೀನಿ. ಮೊದಲು ಅವರ ಕೈ ಕೀಬೋರ್ಡ್ ಮೇಲಿಂದ ತೆಗೆಯೋಕೆ ಹೇಳಿ ಮೇಡಂ.” ಲೆಕ್ಕದ ಸಾಫ್ಟ್‌ವೇರ್ ಕಂಪನಿಯ ಹುಡುಗಿ ಎರಡನ್ನೂ ಚಾಚೂ ತಪ್ಪದೆ ದಾಟಿಸಿದಳು.

ಫರ್ನಿಚರ್ ಅಂಗಡಿಯ ಬೋರ್ಡಿನಲ್ಲಿ ಯಾರ ಹೆಸರು ಮೊದಲು ಎಂಬ ಜಗಳದಿಂದ ಇಬ್ಬರ ನಡುವೆ ಮಾತು ನಿಂತಿತ್ತು. ಹೆಂಡತಿಯರು ಅಕ್ಕತಂಗಿಯರಾದ್ದರಿಂದ ಅಂಗಡಿ ಮುಚ್ಚುವ ಹಾಗೂ ಇರಲಿಲ್ಲ. ಹೇಗೋ ನಡೆದಿತ್ತು, ಅಷ್ಟರಲ್ಲಿ ಈ ಅಪ್‌ಡೇಟ್ ಬಂದು ವಕ್ಕರಿಸಿತು. ಇನ್ನು ಮುಂದೆ ಒಬ್ಬ ಪಾಲುದಾರ ಹಾಕಿದ ಬಿಲ್ಲನ್ನು ಇನ್ನೊಬ್ಬ ಒಪ್ಪದೆ ಅದು ಪ್ರಿಂಟ್ ಆಗುವುದಿಲ್ಲ. ಹೊರಗೆ ಸೋಫಾ ಹೇರಿಕೊಂಡ ಲಾರಿ ಬಿಲ್ಲಿಗಾಗಿ ಹಾರ್ನ್ ಹೊಡೆಯುತ್ತಿತ್ತು.

“ಈಗ ಚಿಕ್ಕ ಸರ್ ಕೆಳಗಿರೋ ಹಸಿರು...” ಎನ್ನುವಷ್ಟರಲ್ಲಿ ಕರೆ ಕಡಿದುಹೋಯಿತು. ಇಬ್ಬರೂ ಫೋನನ್ನೇ ದಿಟ್ಟಿಸಿದರು. ಹಾರ್ನ್ ಇನ್ನೊಮ್ಮೆ ಕೂಗಿತು. ಹಿರಿಯವನು ಗಂಟಲು ಸರಿಮಾಡಿಕೊಂಡು, ಉಸಿರಿಲ್ಲದ ಫೋನಿಗೇ ಹೇಳಿದ: “ಮೇಡಂ, ಆ ಹಸಿರು ಬಟನ್ ಒತ್ತೋಕೆ ಹೇಳಿ.” ಕಿರಿಯವನು ಒತ್ತಿದ. ಪ್ರಿಂಟರ್ ಗೊರಗುಟ್ಟುತ್ತ ಬಿಲ್ಲನ್ನು ಉಗುಳಿತು. “ಒತ್ತಿದ್ದಾಯ್ತು ಅಂತ ಹೇಳಿ ಮೇಡಂ.”

ಲಾರಿ ಹೊರಟಿತು. ಫೋನ್ ರಿಂಗಾಯಿತು, ಅದೇ ಹುಡುಗಿ. ಹಿರಿಯವನು ಕರೆಯನ್ನು ಕತ್ತರಿಸಿ, ಫೋನನ್ನು ಮತ್ತೆ ಇಬ್ಬರ ನಡುವೆ ಜೋಪಾನವಾಗಿ ಇಟ್ಟ.

“ಮೇಡಂ, ಟೀ ಕುಡೀತಾರಾ ಕೇಳಿ.”