ಮಂಡಿಯೊಳಗಿನ ಬಳೆ

ಕುಂದಾಪುರದ ಕಡೆ ಈಗ ವರ್ಷಕ್ಕೊಮ್ಮೆ ಎಲ್ಲರೂ ಬಣ್ಣದ ನೀರು ಕುಡಿಯುತ್ತಾರೆ. ತಾಸು ಕಳೆದರೆ, ಮಂಡಿಯೊಳಗಿನ ಮೆದುಮೂಳೆ ಎಲ್ಲೆಲ್ಲಿ ಸವೆಯತೊಡಗಿದೆಯೋ ಅಲ್ಲೆಲ್ಲ ಚರ್ಮದ ಮೇಲೂ ನೀಲಿ ಹೊಳೆಯುತ್ತದೆ. ನೋವು ಬರುವುದು ಅದಾಗಿ ಹತ್ತು ವರ್ಷಕ್ಕೆ.

ಆಸ್ಪತ್ರೆಯಲ್ಲಿ ವಾರಿಜಾಗೆ ಮಂಡಿ ಓದುವ ಕೆಲಸ. ಹೊಳಪು ನೋಡಿಯೇ ಇವರು ರಿಕ್ಷಾದವರು, ಇವರು ಮೀನಿನ ಬುಟ್ಟಿ ಹೊರುವವರು ಎಂದು ಹೇಳಿಬಿಡುವುದು ಅವಳ ಚಟ. ತಪ್ಪಿದ್ದೇ ಇಲ್ಲ.

ಅಂದು ಬೆಳಿಗ್ಗೆ, ಆ ಆಸ್ಪತ್ರೆಗೆ ಮೊದಲ ಸಲ ಬಂದಿದ್ದ, ಐವತ್ತು ದಾಟಿದ ಅಕ್ಕಣಿ ಶೆಡ್ತಿ ಸೀರೆಯನ್ನು ಮಂಡಿಯವರೆಗೆ ಎತ್ತಿ ಕುಳಿತಾಗ ವಾರಿಜಾ ಕಣ್ಣರಳಿಸಿದಳು. ಎರಡೂ ಮಂಡಿಯಲ್ಲಿ ಬಳೆಯಂತಹ ನೀಲಿ ಗೆರೆ! ಅದನ್ನು ಅವಳು ಕಂಡದ್ದು ಯಕ್ಷಗಾನದ ಗಂಡಸರಲ್ಲಿ ಮಾತ್ರ, ರಂಗದ ಮೇಲೆ ಮಂಡಿಯೂರಿ ಗಿರಗಿರ ತಿರುಗುವವರಲ್ಲಿ.

"ಎಂಥ ಕೆಲ್ಸ ಮಾಡ್ತ್ರಿ ಅಮ್ಮ?"

"ಮನಿ ಕೆಲ್ಸ."

"ನೆಲ ಒರ್ಸಿರೆ ಹೀಂಗ್ ಬತ್ತಿಲ್ಲ."

ಅಕ್ಕಣಿ ಬಾಗಿಲ ಕಡೆ ನೋಡಿದರು. ಹೊರಗೆ ಬೆಂಚಿನ ಮೇಲೆ ಗಂಡ ಪೇಪರು ಓದುತ್ತಿದ್ದರು.

"ನಮ್ಮ ಅಪ್ಪಯ್ಯ ಯಕ್ಷಗಾನದ ಮೇಳದಲ್ ಇದ್ದವ್ರ್. ಹೆಣ್ಮಕ್ಳಿಗೆ ಮಂಡಿ ತಿರುಗೂಕೆ ಬತ್ತಿಲ್ಲ ಅಂದಿದ್ರ್. ಮನೆಲ್ ಯಾರೂ ಇಲ್ದಿಪ್ಪಾಗ ಬಾಗ್ಲ್ ಹಾಕ್ಕಂಡ್ ತಿರುಗ್ತೆ. ಮೂವತ್ತ್ ವರ್ಷ ಆಯ್ತ್."

"ಇವತ್ತೇ ಬಿಡ್ಕ್ ಅಮ್ಮ. ಬಿಟ್ರೆ ಗುಣ ಆತ್ತ್. ಇಲ್ದಿದ್ರೆ ಮುಂದೆ ನಡೂಕೂ ಆತಿಲ್ಲ."

ಅದು ಅಕ್ಕಣಿಯ ಕಿವಿಗೆ ಬಿದ್ದಂತೆ ಕಾಣಲಿಲ್ಲ. ಬಗ್ಗಿ ತಮ್ಮ ಮಂಡಿಯ ದುಂಡನೆಯ ಗೆರೆಯನ್ನೇ ನೋಡುತ್ತ, ದನಿ ತಗ್ಗಿಸಿ ಕೇಳಿದರು:

"ಮೇಳದವ್ರದ್ದೂ ನೀವ್ ಕಂಡಿದ್ರಿ ಅಲ್ದಾ? ನಂದೂ ಅಷ್ಟೇ ಉರುಟಿತ್ತಾ?"