ಮುಂದಿನ ಸಾಲು

"ಬಲಗೈ ಹೆಬ್ಬೆಟ್ಟು ಒತ್ತಿ," ಎಂದು ಸಂಸದರ ಕಚೇರಿಯ ಗುಮಾಸ್ತರು ಮುಖ ಎತ್ತದೆಯೇ ಇಂಕಿನ ಪ್ಯಾಡು ಸರಿಸಿದರು. ಎದುರು ನಿಂತಿದ್ದ ಹೆಂಗಸು ಬಲಗೈಯನ್ನು ಸಂಸತ್ತಿನ ಗ್ಯಾಲರಿ ಪಾಸಿನ ಅರ್ಜಿಯ ಮೇಲಿಟ್ಟಳು. ಹೆಬ್ಬೆರಳು ಇರಲಿಲ್ಲ. ಹೋದ ವರ್ಷ ತಗಡು ಕತ್ತರಿಸುವ ಯಂತ್ರಕ್ಕೆ ಅದು ಸಿಕ್ಕಿಹೋಗಿತ್ತು.

ಗುಮಾಸ್ತರ ದನಿ ತಗ್ಗಿತು. "ಎಡಗೈದೇ ಸಾಕಮ್ಮ. ಆದ್ರೆ ಸಂಸತ್ತು ನೋಡೋಕೆ ಅಷ್ಟು ದೂರ ಯಾಕೆ ಹೋಗ್ತೀರಿ? ಟೀವೀಲೇ ತೋರಿಸ್ತಾರಲ್ಲ."

"ಕೈ ಸಿಕ್ಕದ ಹಾಗೆ ಯಂತ್ರಗಳಿಗೆಲ್ಲ ಜಾಲರಿ ಹಾಕಿಸಬೇಕು ಅನ್ನೋ ಮಸೂದೆ ಗುರುವಾರ ಬರುತ್ತಂತೆ ಸಾರ್. ಟೀವೀಲಿ ನಾವು ಅವರನ್ನ ನೋಡ್ತೀವಿ. ಅವರು ನಮ್ಮನ್ನ ನೋಡಲ್ಲ."

"ಗ್ಯಾಲರೀಲಿ ಕೂತವರು ತುಟಿ ಪಿಟಕ್ ಅನ್ನೋ ಹಾಗಿಲ್ಲ, ಗೊತ್ತಲ್ಲ?"

"ಮಾತಾಡೋಕೆ ಹೋಗ್ತಿಲ್ಲ. ಮುಂದಿನ ಸಾಲಲ್ಲಿ ಕೂತು ಕಂಬಿ ಮೇಲೆ ಕೈ ಇಟ್ಕೊಂಡಿರ್ತೀನಿ, ಅಷ್ಟೆ. ಅದಕ್ಕೇನಾದ್ರೂ ಅಡ್ಡಿ ಇದೆಯಾ?"

ಗುಮಾಸ್ತರು ನಿಯಮಗಳ ಹಾಳೆಯನ್ನು ಮೇಲಿಂದ ಕೆಳಗೆ ಎರಡು ಸಲ ಓದಿದರು. ಅಂಥದ್ದೇನೂ ಇರಲಿಲ್ಲ. ಅರ್ಜಿಯ ಮೂಲೆಯಲ್ಲಿ 'ಮುಂದಿನ ಸಾಲು ಕೊಡಿ' ಎಂದು ಬರೆದು ಮೊಹರು ಹಾಕಿದರು. "ನೀವೊಬ್ಬರೇನಾ?"

"ಇಲ್ಲ ಸಾರ್, ಇನ್ನೂ ಹನ್ನೊಂದು ಫಾರಂ ಬೇಕು. ನಮ್ಮ ಶೆಡ್ಡಲ್ಲಿ ಬೆರಳು ಕಳ್ಕೊಂಡವರೆಲ್ಲ ಹೊರಗೆ ಕಾಯ್ತಿದ್ದಾರೆ." ಅವಳು ಬಾಗಿಲ ಕಡೆ ತಿರುಗಿ ಗಟ್ಟಿಯಾಗಿ ಕರೆದಳು. "ಬನ್ರೇ, ಎಲ್ಲರೂ ಒಳಗೆ ಬನ್ನಿ!"