ಪೇಟೆಬೀದಿಯ ಸೆಳೆತ

ಕಡಲತಳದಲ್ಲಿ ಮರುವಾಯಿ ಚಿಪ್ಪು ಹೆಕ್ಕುವ ಮುತ್ತಕ್ಕ ಮುಳುಗುವ ಮಾಸ್ಕಿನ ಗಾಜಿಗೆ ಉಗಿದು ಉಜ್ಜುತ್ತಿದ್ದಳು. ಕಣ್ಣು ಮಾತ್ರ ಅಂಚೆಚೀಲ ಕಟ್ಟುತ್ತಿದ್ದ ಶೀನನ ಮೇಲಿತ್ತು. ಪೇಟೆ ಕಡಲಲ್ಲಿ ಮುಳುಗಿ ಹವಳ ಬೆಳೆದ ಮೇಲೆ ಆಚೆ ಗುಡ್ಡಕ್ಕೆ ಅಂಚೆ ಹೋಗುವುದು ಹಳೆಯ ಪೇಟೆಬೀದಿಯ ಸೆಳೆತದಲ್ಲಿ, ಉಸಿರಾಟದ ಸಿಲಿಂಡರ್ ಹೊತ್ತು ತೇಲಿಕೊಂಡು. ಶೀನ ಮಾತ್ರ ಉಳಿದ ಅಂಚೆಯವರೆಲ್ಲರಿಗಿಂತ ತಡ. ಎಲ್ಲೋ ಮೇಲೆದ್ದು ಕಾಗದ ಬಿಚ್ಚಿ ಓದುತ್ತಾನೆಂದು ಅವಳ ಗುಮಾನಿ. ಮುನಿಸಿಕೊಂಡು ಆ ಗುಡ್ಡಕ್ಕೆ ಹೋದ ತಂಗಿಗೆ ಬರೆದ ಕಾಗದ ಅದಕ್ಕೇ ವರ್ಷಗಟ್ಟಲೆ ಅವಳ ಸೊಂಟದ ಡಬ್ಬಿಯಲ್ಲೇ ಉಳಿದಿತ್ತು.

"ಇವತ್ತ್ ನಾನೂ ಬತ್ತೆ," ಎಂದಳು.

"ಬನ್ನಿ ಅಕ್ಕ. ಮರುವಾಯಿ ಕಾಂಬುಕಾ, ನನ್ನ ಕಾಂಬುಕಾ?" ತನ್ನನ್ನು ನೋಡಲೇ ಬರುತ್ತಾಳೆಂದು ಗೊತ್ತಿದ್ದವನಂತೆ ಶೀನ ನಕ್ಕ.

ಸೆಳೆತ ಇಬ್ಬರನ್ನೂ ಮುಳುಗಿದ ಅಂಗಡಿಸಾಲಿನ ನಡುವೆ ಒಯ್ದಿತು. ಬೀದಿ ಕವಲೊಡೆಯುವಲ್ಲಿ ಶೀನ ಗೋಡೆಗೆ ಕೊಕ್ಕೆ ಸಿಕ್ಕಿಸಿ ಮರೆಗೆ ಸರಿದ. ಕಳ್ಳ ಸಿಕ್ಕಿಬಿದ್ದ ಎಂದುಕೊಂಡು ಮುತ್ತಕ್ಕ ಇಣುಕಿದಳು. ಅವನು ಚೀಲವನ್ನು ಎದೆಗವಚಿಕೊಂಡು ಮೀನುಗಳನ್ನು ನೋಡುತ್ತಿದ್ದ, ಅಷ್ಟೆ. ಸೆಳೆತಕ್ಕೆ ಎದುರಾಗಿ ಗುಡ್ಡದತ್ತ ಮುಖಮಾಡಿದ್ದ ಹಿಂಡು, ಸೆಳೆತ ಮಗುಚಿದ್ದೇ ಕಡಲಿನತ್ತ ತಿರುಗಿತು. ಆಗ ಕೊಕ್ಕೆ ಬಿಡಿಸಿದ. ತಿರುಗಿದ ಸೆಳೆತ ಅವರನ್ನು ಗುಡ್ಡದ ಬುಡಕ್ಕೆ ತಂದುಹಾಕಿತು.

"ಉಳಿದವ್ರು ಸೆಳೆತ ತಿರುಗುವರೆಗೆ ಕಾಯುದಿಲ್ಲ, ಅಡ್ಡ ಈಜ್ತಾರೆ. ಅರ್ಧ ಅಂಚೆ ಕಡಲಿಗೇ," ಎಂದ ಶೀನ, ನೀರಿನಿಂದ ಮೇಲೆದ್ದು ಮಾಸ್ಕ್ ಕಳಚುತ್ತ.

ಮೇಲೆ ತಂಗಿಯ ಮನೆಯ ಒಲೆಹೊಗೆ ಕಾಣುತ್ತಿತ್ತು. ಮುತ್ತಕ್ಕ ಮೆಟ್ಟಿಲ ಬುಡದಲ್ಲೇ ನಿಂತಳು. ಕಾಗದ ಕಳಿಸದಿರಲು ನೆಪವೂ ಉಳಿದಿರಲಿಲ್ಲ. ಡಬ್ಬಿಗೆ ತನಗಷ್ಟೇ ಗುರುತಿರುವ ಗಂಟು ಬಿಗಿದು ಅವನ ಕೈಗಿಟ್ಟಳು.

"ಬಿಚ್ಚಿರೆ ನಂಗ್ ಗೊತ್ತಾತ್ತ್, ಹ್ಞಾಂ!"

ಶೀನ ಮೆಟ್ಟಿಲು ಹತ್ತಿದ. ಅವನು ಆ ಬಾಗಿಲು ತಟ್ಟುವವರೆಗೂ ಅವಳು ಅವನ ಕೈಯನ್ನೇ ನೋಡುತ್ತಿದ್ದಳು.